ಬಾವಿಯ ಹಗ್ಗವನ್ನು ಅಪ್ಪನ ಕೈಗೆ ಮರಳಿ ಕೊಡಬಹುದೇ?

ಪ್ರಶ್ನೆ: ನಮ್ಮದು ಬ್ರಹ್ಮಾವರದ ಹತ್ತಿರ ಹಂಚಿನ ಹಳೆಯ ಮನೆ. ಅಪ್ಪನಿಗೆ ಈಗ 61 ವರ್ಷ. 1988ರಲ್ಲಿ ಶ್ರೀಲಂಕಾದಲ್ಲಿ ಭಾರತೀಯ ಶಾಂತಿಪಾಲನಾ ಪಡೆಯಲ್ಲಿದ್ದಾಗ ನೆಲಬಾಂಬು ಸಿಡಿದು ಅವರ ಎರಡು ಕಣ್ಣುಗಳೂ ಹೋದವು. ಈಗ ಇರುವುದು ಕೃತಕ ಕಣ್ಣು. ಡೆಹ್ರಾಡೂನಿನಲ್ಲಿ ತರಬೇತಿ ಪಡೆದು ಊರಿಗೆ ಬಂದ ಮೇಲೆ ಮೂವತ್ತೈದು ವರ್ಷ ಬಾವಿಯಿಂದ ನೀರು ಸೇದಿದ್ದಾರೆ, ತೆಂಗಿನಕಾಯಿ ಸುಲಿದಿದ್ದಾರೆ, ಬೆಳಿಗ್ಗೆ ಎಲ್ಲರಿಗೂ ಚಹಾ ಮಾಡಿ ಕೊಟ್ಟಿದ್ದಾರೆ. ಕಳೆದ ನವರಾತ್ರಿಯ ಹೊತ್ತಿಗೆ ಅಮ್ಮ ತೀರಿಕೊಂಡರು. ಅಪ್ಪನಿಗೆ ಅನುಕೂಲವಾಗಲೆಂದು ಅಣ್ಣ ಅಡುಗೆಮನೆಯನ್ನು ಹೊಸದು ಮಾಡಿಸಿ ಇಂಡಕ್ಷನ್ ಒಲೆ ತಂದಿಟ್ಟಿದ್ದಾನೆ. ಆದರೆ ಅಪ್ಪ ಈಗ ಚಹಾ ಚೆಲ್ಲುತ್ತಾರೆ, ಬಾಗಿಲಿಗೆ ಹಣೆ ಬಡಿದುಕೊಳ್ಳುತ್ತಾರೆ, ಕೆಲವು ವಾರ ರಾತ್ರಿ ಎರಡು ಗಂಟೆಗೆ ಎದ್ದು ಜಗಲಿಯಲ್ಲಿ ಓಡಾಡುತ್ತಾರೆ. ಒಮ್ಮೆ ಗೋಡೆಯ ತುಂಬ ಚಿತ್ತಾರ ಕಾಣುತ್ತಿದೆ ಎಂದೂ ಹೇಳಿದರು. ಹೆದರಿದ ಅಣ್ಣ, ಬಾವಿಯ ಹತ್ತಿರವೂ ಒಲೆಯ ಹತ್ತಿರವೂ ಹೋಗಬಾರದೆಂದು ತಡೆದಿದ್ದಾನೆ. ಅಪ್ಪ ಅವನೊಡನೆ ಮಾತು ಬಿಟ್ಟಿದ್ದಾರೆ. ಅಮ್ಮ ಅಪ್ಪನನ್ನು ಕೈಹಿಡಿದು ನಡೆಸಿದ್ದನ್ನು ನಾನು ನೋಡಿಯೇ ಇಲ್ಲ. ಒಂದು ಸ್ಟೂಲನ್ನು ಸರಿಸಿದರೆ ನಮಗೆ ಬೈಯುತ್ತಿದ್ದರು, ಅಷ್ಟೆ. ಊರೆಲ್ಲ ಮನೋಸ್ಥೈರ್ಯಕ್ಕೆ ಮಾದರಿ ಎನ್ನುತ್ತಿದ್ದ ಮನುಷ್ಯನ ಆ ಸ್ಥೈರ್ಯ ಏಳು ತಿಂಗಳಲ್ಲಿ ಎಲ್ಲಿ ಹೋಯಿತು?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದುದೆಲ್ಲ ಅದಕ್ಕೇ ಅಂಟಿಕೊಂಡಿದೆ. ನಿಮ್ಮ ತಂದೆಯವರ ಸ್ಥೈರ್ಯ ಎಲ್ಲಿಗೂ ಹೋಗಿಲ್ಲ. ಅದು ಯಾವ ನೆಲದ ಮೇಲೆ ನಿಂತಿತ್ತೋ ಆ ನೆಲವನ್ನು ನೀವು, ಒಳ್ಳೆಯ ಮನಸ್ಸಿನಿಂದಲೇ, ಕಿತ್ತು ಬೇರೆ ಹಾಸಿದ್ದೀರಿ. ಊರವರು ಹೊಗಳುತ್ತಿದ್ದುದು ಒಬ್ಬ ಮನುಷ್ಯನ ಎದೆಗಾರಿಕೆಯನ್ನು. ಆದರೆ ಅದರಲ್ಲಿ ಅರ್ಧ ಪಾಲು ಆ ಮನೆಯ ಅಚ್ಚುಕಟ್ಟಿನದು, ಮತ್ತು ಆ ಅಚ್ಚುಕಟ್ಟು ನಿಮ್ಮ ತಾಯಿಯವರದು. ಪತ್ರದ ಕೊನೆಗೆ ‘ಅಷ್ಟೆ’ ಎಂದು ಮುಗಿಸಿರುವ ಆ ಸ್ಟೂಲಿನ ಮಾತೇ ನನಗೆ ಇಡೀ ಪತ್ರದಲ್ಲಿ ಅತ್ಯಂತ ಮುಖ್ಯವಾಗಿ ಕಂಡಿತು.

ದೃಷ್ಟಿಯಿರುವ ನಾವು ಲೋಟ ಎಲ್ಲಿದೆ ಎಂದು ನೆನಪಿಟ್ಟುಕೊಳ್ಳುವುದಿಲ್ಲ, ಬೇಕಾದಾಗ ನೋಡಿಕೊಳ್ಳುತ್ತೇವೆ. ಕಣ್ಣಿಲ್ಲದವರಿಗೆ ವಸ್ತುವಿನ ಜಾಗವೇ ಅದರ ಗುರುತು. ನಿಮ್ಮ ತಂದೆಯವರು ಬೆಳಿಗ್ಗೆ ಚಹಾ ಮಾಡುತ್ತಿದ್ದುದನ್ನು ಹತ್ತಿರದಿಂದ ಊಹಿಸಿಕೊಳ್ಳಿ. ಅಡುಗೆಮನೆಯ ಹೊಸ್ತಿಲು ಕಾಲಿಗೆ ತಾಗುತ್ತದೆ. ಎಡಗೈಯ ಬೆರಳುಗಳ ಹಿಂಭಾಗ ಗೋಡೆಯನ್ನು ಸವರಿಕೊಂಡು ನಾಲ್ಕು ಹೆಜ್ಜೆ ಹೋದರೆ ಕಟ್ಟೆಯ ಅಂಚು ಸೊಂಟಕ್ಕೆ ಸಿಗುತ್ತದೆ. ಅಂಚಿನಲ್ಲೇ ಕೈ ಸರಿಸಿದರೆ ಮೂಲೆಯಲ್ಲಿ ಚಹಾಪುಡಿಯ ಗಟ್ಟಿ ಡಬ್ಬ, ಅದರ ಬಲಕ್ಕೆ ಸಕ್ಕರೆಯದು, ಗೋಡೆಗೆ ಒರಗಿಸಿ ಕವುಚಿಟ್ಟ ಲೋಟಗಳು. ಪಾತ್ರೆಯನ್ನು ಒಲೆಯ ಮೇಲೆ ಸರಿಯಾಗಿ ಕೂರಿಸಿದ ಮೇಲೆಯೇ ಗುಬ್ಬಿ ತಿರುಗಿಸಿ ಲೈಟರ್ ಒತ್ತಬೇಕು. ಉರಿ ಹೊತ್ತಿಸಿ ಆಮೇಲೆ ಪಾತ್ರೆ ಇಡುವುದು ಕಣ್ಣಿದ್ದವರ ಕ್ರಮ. ನೀರು ಕುದಿಯುವುದು ಸದ್ದಿನಲ್ಲಿ ತಿಳಿಯುತ್ತದೆ: ಮೊದಲು ಸಣ್ಣ ಸಿಳ್ಳೆಯಂಥ ಸದ್ದು, ಆಮೇಲೆ ಅದು ತಗ್ಗಿ ದಪ್ಪಗಾಗುತ್ತದೆ. ಲೋಟಕ್ಕೆ ಸುರಿಯುವಾಗ ತುಂಬುತ್ತ ಬಂದಂತೆ ಸದ್ದು ಏರುತ್ತದೆ, ಕೈಗೆ ಭಾರ ಏರುತ್ತದೆ. ಈ ಹದಿನೈದು ಇಪ್ಪತ್ತು ಸಣ್ಣ ಗುರುತುಗಳಲ್ಲಿ ಒಂದೆರಡು ತಪ್ಪಿದರೂ ಅವರು ಹೇಗೋ ಸುಧಾರಿಸಿಕೊಳ್ಳುತ್ತಿದ್ದರು. ಅಡುಗೆಮನೆಯನ್ನು ಹೊಸದು ಮಾಡಿದಾಗ ಒಂದೇ ದಿನದಲ್ಲಿ ಎಲ್ಲವೂ ಹೋದವು.

ಇದನ್ನು ನಿಮ್ಮ ಅಣ್ಣನ ಮೇಲೆ ಹೊರಿಸುವ ಉದ್ದೇಶ ನನಗಿಲ್ಲ. ಕಣ್ಣಿಲ್ಲದವರಿಗೆ ಓಡಾಟ ಕಲಿಸುವುದನ್ನೇ ಕಸುಬಾಗಿ ಮಾಡಿಕೊಂಡಿರುವ ನಾನೇ ಮೊದಮೊದಲು ಇದಕ್ಕಿಂತ ದೊಡ್ಡ ತಪ್ಪು ಮಾಡಿದ್ದೇನೆ. ಮಂಗಳೂರಿನ ಒಂದು ಮನೆಯಲ್ಲಿ ದೃಷ್ಟಿ ಕಳೆದುಕೊಂಡ ಹಿರಿಯರೊಬ್ಬರಿಗೆ ಬಿಳಿಕೋಲಿನ ಪಾಠ ಹೇಳಲು ಹೋಗಿದ್ದವನು ನನ್ನ ಚೀಲವನ್ನು ಓಣಿಯಂಥ ಪಡಸಾಲೆಯ ನಡುವೆ ಇಟ್ಟು ಕುಳಿತಿದ್ದೆ. ಒಳಗಿನಿಂದ ನನಗೆ ನೀರು ತರುತ್ತಿದ್ದ ಅವರು ಅದನ್ನು ಎಡವಿ ಮೊಣಕಾಲೂರಿ ಬಿದ್ದರು. ಲೋಟವನ್ನು ಮಾತ್ರ ನೆಟ್ಟಗೆ ಹಿಡಿದೇ ಇದ್ದರು. ಎದ್ದು, ‘ಮಾಸ್ಟ್ರೇ, ಈ ಜಾಗದಲ್ಲಿ ಮೂವತ್ತು ವರ್ಷದಿಂದ ಏನೂ ಇರಲಿಲ್ಲ’ ಎಂದರು. ಅಂದಿನಿಂದ ಯಾರ ಮನೆಗೆ ಹೋದರೂ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ಕೂರುತ್ತೇನೆ.

ಆದ್ದರಿಂದ ಮೊದಲ ಕೆಲಸ, ಅಡುಗೆಮನೆಯನ್ನು ತಂದೆಯವರ ಕೈಗೆ ಮರಳಿ ಒಪ್ಪಿಸುವುದು. ಹಳೆಯ ಕಟ್ಟೆಯನ್ನು ಮತ್ತೆ ಕಟ್ಟಿಸಬೇಕಾಗಿಲ್ಲ. ಒಂದು ಭಾನುವಾರ ಎಲ್ಲ ಡಬ್ಬಗಳನ್ನೂ ಕೆಳಗಿಳಿಸಿ, ಯಾವುದು ಎಲ್ಲಿರಬೇಕೆಂದು ಅವರೇ ನಿರ್ಧರಿಸಿ ಅವರೇ ಇಡಲಿ. ನೀವು ಪಕ್ಕದಲ್ಲಿ ನಿಂತು ನೋಡಿ ಕಲಿಯಿರಿ, ತಿದ್ದಬೇಡಿ. ಇಂಡಕ್ಷನ್ ಒಲೆಯಲ್ಲಿ ಬೆಂಕಿಯಿಲ್ಲವೆಂಬ ಸಮಾಧಾನ ನಿಮಗೆ ಇರಬಹುದು, ಆದರೆ ನುಣುಪಾದ ಗಾಜಿನ ಮೇಲೆ ಬೆರಳಿಗೆ ಸಿಗದ ಗುಂಡಿಗಳಿರುವ ಒಲೆ ಕಣ್ಣಿಲ್ಲದವರಿಗೆ ಗೋಡೆಯಿದ್ದಂತೆ. ಟಕ್ಕೆಂದು ತಿರುಗುವ ಗುಬ್ಬಿಯ ಹಳೆಯ ಗ್ಯಾಸ್ ಒಲೆಯೇ ಅವರಿಗೆ ಲೇಸು. ಹಾಲು ಉಕ್ಕುವ ಭಯಕ್ಕೆ ಸೀಟಿ ಹೊಡೆಯುವ ಹಾಲಿನ ಕುಕ್ಕರ್ ಇದೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಮುಖ ಮತ್ತು ತಲೆಗೆ ಸ್ಫೋಟದ ಪೆಟ್ಟು ಬಿದ್ದವರಲ್ಲಿ ಕೆಲವರಿಗೆ ವಾಸನೆಯ ಶಕ್ತಿಯೂ ಕುಂದಿರುತ್ತದೆ. ಗ್ಯಾಸ್ ಸೋರಿದರೆ ತಿಳಿಯಲೆಂದೇ ಅದಕ್ಕೆ ಕೆಟ್ಟ ವಾಸನೆಯ ರಾಸಾಯನಿಕವನ್ನು ಬೆರೆಸಿರುತ್ತಾರೆ. ಆ ವಾಸನೆ ಹತ್ತದವರ ಅಡುಗೆಮನೆಯಲ್ಲಿ ಸೋರಿಕೆಯಾದರೆ ಕೂಗುವ ಅಲಾರಂ ಇರಲೇಬೇಕು. ಇಂಗಿನ ಡಬ್ಬ, ಕಾಫಿಪುಡಿಯ ಡಬ್ಬ ಎರಡನ್ನೂ ಮೂಗಿನ ಹತ್ತಿರ ಹಿಡಿದು ಯಾವುದು ಯಾವುದೆಂದು ಕೇಳಿದರೆ ಒಂದು ಅಂದಾಜು ಸಿಗುತ್ತದೆ.

ಬಾಗಿಲುಗಳ ಬಗ್ಗೆ ಒಂದೇ ನಿಯಮ ಸಾಕು. ಪೂರ್ತಿ ತೆರೆದಿರಬೇಕು ಅಥವಾ ಪೂರ್ತಿ ಮುಚ್ಚಿರಬೇಕು. ಅರ್ಧ ತೆರೆದ ಬಾಗಿಲಿನ ಅಂಚು ಸವರುವ ಕೈಗೆ ಸಿಗದೆ ನೇರವಾಗಿ ಹಣೆಗೆ ಸಿಗುತ್ತದೆ. ಆದರೆ ನಿಮ್ಮ ತಂದೆಯವರು ಹಣೆ ಬಡಿದುಕೊಳ್ಳುವುದಕ್ಕೆ ಇದೊಂದೇ ಕಾರಣವಿರಲಾರದು ಎಂದು ನನ್ನ ಗುಮಾನಿ. ಇಲ್ಲಿ ಸ್ವಲ್ಪ ವಿವರವಾಗಿ ಬರೆಯಬೇಕಾಗಿದೆ.

ಬಹಳ ವರ್ಷಗಳಿಂದ ಕಣ್ಣಿಲ್ಲದವರನ್ನು ಕೇಳಿದರೆ, ಮುಂದೆ ಗೋಡೆಯೋ ಕಂಬವೋ ಇದ್ದಾಗ ಮುಖಕ್ಕೆ ಏನೋ ಒತ್ತಿದಂತೆ ಅನಿಸುತ್ತದೆ ಎನ್ನುತ್ತಾರೆ. ಇದನ್ನು ಚರ್ಮದ ಶಕ್ತಿಯೆಂದು ಬಹುಕಾಲ ನಂಬಲಾಗಿತ್ತು. 1944ರಲ್ಲಿ ಪ್ರಕಟವಾದ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪ್ರಯೋಗಗಳು ಆ ನಂಬಿಕೆಯನ್ನು ಅಳಿಸಿದವು: ಮುಖವನ್ನು ದಪ್ಪ ಬಟ್ಟೆಯಿಂದ ಮುಚ್ಚಿದರೂ ಆ ಜನ ಗೋಡೆಯ ಮುಂದೆ ನಿಂತರು, ಕಿವಿಯನ್ನು ಮುಚ್ಚಿದಾಗ ಹೋಗಿ ಡಿಕ್ಕಿ ಹೊಡೆದರು. ಹೆಜ್ಜೆಯ ಸದ್ದು ಗೋಡೆಗೆ ತಾಗಿ ಮರಳುವ ಬಗೆಯನ್ನು ಕಿವಿ, ತನಗೇ ಅರಿವಿಲ್ಲದಂತೆ, ಲೆಕ್ಕ ಹಾಕುತ್ತಿರುತ್ತದೆ. ಸದ್ದಿನ ಎತ್ತರದ ಸ್ವರಗಳು ಈ ಲೆಕ್ಕಕ್ಕೆ ಬಹಳ ಮುಖ್ಯ. ದುರದೃಷ್ಟಕ್ಕೆ, ನೆಲಬಾಂಬಿನ ಸ್ಫೋಟ ಕಿವಿಯಿಂದ ಮೊದಲು ಕಿತ್ತುಕೊಳ್ಳುವುದೂ ಅದೇ ಎತ್ತರದ ಸ್ವರಗಳನ್ನು. ವಯಸ್ಸು ಅರವತ್ತು ದಾಟಿದಂತೆ ಕುಗ್ಗುವುದೂ ಅವೇ.

ಅಂದರೆ, ನಿಮ್ಮ ತಂದೆಯವರ ಕಿವಿ ಕೆಲವು ವರ್ಷಗಳಿಂದಲೇ ಮಂದವಾಗುತ್ತ ಬಂದಿರಬಹುದು, ಮತ್ತು ನಿಮ್ಮ ತಾಯಿಯವರು ಅದನ್ನು ತುಂಬಿಕೊಡುತ್ತಿದ್ದಿರಬಹುದು: ಎದುರಿಗೆ ನಿಂತು ಮಾತನಾಡುತ್ತ, ಒಂದು ಮಾತನ್ನು ಎರಡು ಸಲ ಹೇಳುತ್ತ, ಬಳೆಯ ಸದ್ದು ಮಾಡುತ್ತ. ನೀವು ಕರೆದಾಗ ಅವರು ಬೇರೆ ದಿಕ್ಕಿಗೆ ಮುಖ ತಿರುಗಿಸುತ್ತಾರೆಯೇ, ಹೆಂಗಸರ ಮತ್ತು ಮಕ್ಕಳ ಮಾತಿಗಿಂತ ಗಂಡಸರ ಮಾತು ಅವರಿಗೆ ಬೇಗ ತಿಳಿಯುತ್ತದೆಯೇ ಎಂದು ಗಮನಿಸಿ. ಕಣ್ಣಿಲ್ಲದವರ ಕಿವಿ ಬಲು ಚುರುಕು ಎಂಬ ನಂಬಿಕೆಯಿಂದಾಗಿ ಮನೆಯವರೂ, ಕೆಲವೊಮ್ಮೆ ವೈದ್ಯರೂ ಇದನ್ನು ಹಠವೆಂದೋ ಮರೆವೆಂದೋ ತಿಳಿಯುತ್ತಾರೆ. ಕಿವಿ ಮೂಗು ಗಂಟಲಿನ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ, ಶ್ರವಣ ತಜ್ಞರಿಂದ ಪೂರ್ಣ ಪರೀಕ್ಷೆ ಮಾಡಿಸಿ. ಮಣಿಪಾಲ, ಮಂಗಳೂರು ಎರಡೂ ಕಡೆ ಅದಕ್ಕೆ ಅನುಕೂಲವಿದೆ. ಮಾಜಿ ಸೈನಿಕರ ಆರೋಗ್ಯ ಯೋಜನೆಯ ಕಾರ್ಡು ಇದ್ದರೆ ಅದರ ಮೂಲಕವೇ ಹೋಗಿ. ಶ್ರವಣಯಂತ್ರ ಬೇಕೆಂದಾದರೆ ತಜ್ಞರಿಗೆ ಒಂದು ವಿಷಯವನ್ನು ಬಾಯಿಬಿಟ್ಟು ಹೇಳಲೇಬೇಕು. ಈಗಿನ ಯಂತ್ರಗಳು ಎದುರಿನವರ ಮಾತನ್ನು ಎತ್ತಿ ಸುತ್ತಲಿನ ಸದ್ದನ್ನು ಅದುಮುವಂತೆ ಹೊಂದಿಸಲ್ಪಟ್ಟಿರುತ್ತವೆ. ಇತರರಿಗೆ ಅದು ವರ, ನಿಮ್ಮ ತಂದೆಯವರಿಗೆ ಶಾಪ. ಸುತ್ತಲಿನ ಸದ್ದೇ ಅವರ ದಾರಿ. ಎರಡೂ ಕಿವಿಗೆ ಯಂತ್ರ ಹಾಕಿಸಿ, ಎಲ್ಲ ದಿಕ್ಕಿನ ಸದ್ದನ್ನೂ ಸಮನಾಗಿ ಒಳಗೆ ಬಿಡುವ ಹೊಂದಾಣಿಕೆಯೊಂದನ್ನು ಓಡಾಟಕ್ಕೆಂದೇ ಮಾಡಿಸಿಕೊಳ್ಳಿ.

ಇನ್ನು ರಾತ್ರಿಯ ಓಡಾಟ. ‘ಕೆಲವು ವಾರ’ ಎಂದು ನೀವು ಬರೆದಿರುವುದು ಬಹಳ ಉಪಯುಕ್ತ ಸುಳಿವು. ದುಃಖದಿಂದ ನಿದ್ದೆ ಕೆಟ್ಟವರಿಗೆ ಹೀಗೆ ವಾರಗಟ್ಟಲೆ ಸರಿಹೋಗಿ ಮತ್ತೆ ವಾರಗಟ್ಟಲೆ ಕೆಡುವುದು ಅಪರೂಪ. ನಮ್ಮ ಮಿದುಳಿನೊಳಗಿನ ಗಡಿಯಾರ ತಾನಾಗಿಯೇ 24 ಗಂಟೆಗಿಂತ ತುಸು ನಿಧಾನವಾಗಿ ಓಡುತ್ತದೆ. ದಿನವೂ ಕಣ್ಣಿನೊಳಗೆ ಬೀಳುವ ಬೆಳಕು ಅದನ್ನು ಹಿಡಿದು ಸರಿಪಡಿಸುತ್ತದೆ. ಎರಡೂ ಕಣ್ಣುಗುಡ್ಡೆಗಳು ಇಲ್ಲದವರಿಗೆ ಆ ಬೆಳಕು ಇಲ್ಲ. ಗಡಿಯಾರ ದಿನಕ್ಕೆ ಅರ್ಧ ಗಂಟೆ ಹಿಂದೆ ಬಿತ್ತೆಂದರೂ 24 ದಿನಗಳಲ್ಲಿ ಹಗಲು ರಾತ್ರಿ ಅದಲುಬದಲಾಗಿ, 48 ದಿನಗಳಲ್ಲಿ ಮತ್ತೆ ಸರಿಹೊಂದುತ್ತದೆ. ಬೆಳಕಿನ ಅರಿವೇ ಇಲ್ಲದ ಅಂಧರಲ್ಲಿ ಈ ತೊಂದರೆ ಬಹಳ ಸಾಮಾನ್ಯ, ಆದರೂ ಇದರ ಹೆಸರು ಕೇಳಿದವರು ಕಡಿಮೆ. ಎರಡು ತಿಂಗಳು ಅವರು ಮಲಗಿದ ಮತ್ತು ಎದ್ದ ಹೊತ್ತನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ದಿನದಿನಕ್ಕೆ ಸಾಲು ಓರೆಯಾಗಿ ಜಾರುತ್ತಿದ್ದರೆ ಆ ಹಾಳೆಯನ್ನೇ ನರರೋಗ ತಜ್ಞರ ಮುಂದಿಡಿ. ಮೆಲಟೋನಿನ್ ಎಂಬ ಔಷಧಿಯನ್ನು ನಿಗದಿತ ಹೊತ್ತಿಗೆ ಕೊಟ್ಟು ಇದನ್ನು ಹಿಡಿತಕ್ಕೆ ತರುವುದುಂಟು, ಆದರೆ ಯಾವ ಹೊತ್ತಿಗೆ ಎಂಬುದರ ಮೇಲೆಯೇ ಎಲ್ಲ ನಿಂತಿರುವುದರಿಂದ ಅಂಗಡಿಯಿಂದ ನೀವೇ ತಂದು ಕೊಡಬೇಡಿ.

ಹಾಗಾದರೆ ಮೂವತ್ತೈದು ವರ್ಷ ಈ ತೊಂದರೆ ಏಕೆ ಕಾಣಲಿಲ್ಲ ಎಂದು ನೀವು ಕೇಳಬಹುದು. ಪ್ರಾಯಶಃ ಇಲ್ಲೂ ನಿಮ್ಮ ತಾಯಿಯವರೇ. ಬೆಳಕಿಲ್ಲದಿದ್ದಾಗ ಆ ಗಡಿಯಾರವನ್ನು ಅಷ್ಟಿಷ್ಟು ಹಿಡಿದಿಡಬಲ್ಲ ಬೇರೆ ಸಂಗತಿಗಳೆಂದರೆ ದಿನವೂ ಒಂದೇ ಹೊತ್ತಿಗೆ ಏಳುವುದು, ಒಂದೇ ಹೊತ್ತಿಗೆ ಉಣ್ಣುವುದು, ಮೈಬಗ್ಗಿಸಿ ದುಡಿಯುವುದು. ಸೈನ್ಯ ಕಲಿಸಿದ ಶಿಸ್ತನ್ನು ಆಕೆ ಮನೆಯ ಶಿಸ್ತಾಗಿ ಉಳಿಸಿದ್ದಿರಬೇಕು: ಐದಕ್ಕೆ ಏಳುವುದು, ಬಾವಿ, ಸ್ನಾನ, ಎಂಟಕ್ಕೆ ಗಂಜಿ. ಈಗ ನೀವಿಬ್ಬರೂ ಕೆಲಸಕ್ಕೆ ಹೋಗುವವರಾದರೆ ಅವರ ಊಟ ನಿಮ್ಮ ಹೊತ್ತಿಗೆ ನಡೆಯುತ್ತಿರುತ್ತದೆ. ನೀರು ಸೇದುವ ದುಡಿಮೆಯಂತೂ ನಿಂತೇಹೋಗಿದೆ. ಬಾವಿಯನ್ನು ಬಿಡಿಸಿದಾಗ ಒಂದು ಅಪಾಯವನ್ನು ತಪ್ಪಿಸಿದೆನೆಂದು ನಿಮ್ಮ ಅಣ್ಣ ತಿಳಿದಿರಬಹುದು. ಅದರೊಡನೆ ದಿನದ ಕೀಲು ಕಳಚಿತು, ತೊಡೆ ಮತ್ತು ಬೆನ್ನಿನ ಬಲವೂ ಇಳಿಯತೊಡಗಿತು. ಬಲ ಇಳಿದ ಕಾಲು ಬಚ್ಚಲಲ್ಲಿಯೂ ಜಾರುತ್ತದೆ.

ಗೋಡೆಯ ಮೇಲಿನ ಚಿತ್ತಾರಕ್ಕೆ ಹೆದರಬೇಡಿ. ಕಣ್ಣಿನಿಂದ ಏನೂ ಬಾರದಿದ್ದಾಗ ಮಿದುಳಿನ ದೃಷ್ಟಿಯ ಭಾಗ ತಾನೇ ಚಿತ್ರಗಳನ್ನು ಹೆಣೆಯುವುದುಂಟು: ರಂಗೋಲಿಯಂಥ ಗೆರೆಗಳು, ಮುಖಗಳು, ಸಣ್ಣ ಗಾತ್ರದ ಮನುಷ್ಯರು. ಸ್ವಿಟ್ಜರ್ಲೆಂಡಿನ ಚಾರ್ಲ್ಸ್ ಬಾನೆ ಎಂಬ ವಿದ್ವಾಂಸ 1760ರಲ್ಲೇ ತನ್ನ ಅಜ್ಜನ ಅನುಭವವನ್ನು ಬರೆದಿಟ್ಟಿದ್ದರಿಂದ ಇದಕ್ಕೆ ಅವನ ಹೆಸರೇ ಉಳಿದಿದೆ. ಕಾಣುತ್ತಿರುವುದು ನಿಜವಲ್ಲವೆಂದು ಅವರಿಗೇ ತಿಳಿದಿದ್ದರೆ ಇದು ಬುದ್ಧಿಭ್ರಮಣೆಯಲ್ಲ. ಏಕಾಂತ, ನಿದ್ದೆಗೇಡು, ದುಃಖ ಇವುಗಳಿಂದ ಹೆಚ್ಚಬಹುದು. ಆದರೂ 61ರ ವಯಸ್ಸಿನಲ್ಲಿ ಹೊಸದಾಗಿ ಆರಂಭವಾಗಿದ್ದರೆ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿಯೊಡನೆ ವೈದ್ಯರಿಗೆ ಒಮ್ಮೆ ತಿಳಿಸುವುದು ಕ್ಷೇಮ. ಯುದ್ಧದ ನೆನಪು ಬೇರೆಯೇ ವಿಷಯ. ಬೆವೆತು, ಕೂಗಿ, ಎದೆ ಹೊಡೆದುಕೊಂಡು ಏಳುತ್ತಾರಾದರೆ, ಜಾತ್ರೆಯಲ್ಲಿ ಸಿಡಿಸುವ ಗರ್ನಾಲು ಪಟಾಕಿಯ ಸದ್ದಿಗೆ ಇಡೀ ದಿನ ಕಂಗೆಡುತ್ತಾರಾದರೆ, ಮನೋವೈದ್ಯರನ್ನು ಕಾಣಲು ಹಿಂಜರಿಯಬೇಡಿ. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಊರಿನ ದೇವಸ್ಥಾನದಲ್ಲಿ ಎಷ್ಟು ಗಂಟೆಗೆ ಗರ್ನಾಲು ಬಿಡುತ್ತಾರೆಂದು ಮುಂಚಿತವಾಗಿ ಕೇಳಿ ಅವರಿಗೆ ತಿಳಿಸಿಡುವುದು ಕೂಡ ಸಣ್ಣ ಉಪಕಾರವಲ್ಲ. ಬರುವುದೆಂದು ಗೊತ್ತಿರುವ ಸದ್ದು ಅಷ್ಟು ಬೆಚ್ಚಿಬೀಳಿಸುವುದಿಲ್ಲ.

ಅಣ್ಣನೊಡನೆ ಮಾತು ಬಿಟ್ಟಿರುವುದರ ಬಗ್ಗೆ ನೇರವಾಗಿ ಬರೆಯುತ್ತೇನೆ. ನಮ್ಮ ಜಿಲ್ಲೆಗಳಲ್ಲಿ ಕಾರ್ಗಿಲ್ ವಿಜಯದ ದಿನವೋ ಸ್ವಾತಂತ್ರ್ಯ ದಿನವೋ ಬಂದರೆ ಇಂಥವರನ್ನು ವೇದಿಕೆಗೆ ಕರೆದು, ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು, ಛಲದಂಕಮಲ್ಲ ಎಂದು ಭಾಷಣ ಮಾಡುವುದು ವಾಡಿಕೆ. ಅದೇ ಭಾಷಣಕಾರರು ಸಭೆ ಮುಗಿದ ಮೇಲೆ ಆ ಮನುಷ್ಯನ ಎರಡೂ ಭುಜ ಹಿಡಿದು ಹಿಂದಿನಿಂದ ತಳ್ಳಿಕೊಂಡು ಮೆಟ್ಟಿಲಿಳಿಸುವುದನ್ನೂ, ‘ಇವರಿಗೆ ಚಹಾಕ್ಕೆ ಸಕ್ಕರೆ ಬೇಕೋ’ ಎಂದು ಪಕ್ಕದಲ್ಲಿದ್ದ ಮಗನನ್ನು ಕೇಳುವುದನ್ನೂ ನಾನು ಕಂಡಿದ್ದೇನೆ. ಹೊಗಳಿಕೆಯನ್ನು ಅವರು ಸಹಿಸಿಕೊಂಡಾರು, ಸ್ವಂತ ಮನೆಯಲ್ಲಿ ಅತಿಥಿಯಾಗುವುದನ್ನು ಸಹಿಸಲಾರರು. ನಡೆಸಬೇಕಾದಾಗ ಅವರು ನಿಮ್ಮ ಮೊಣಕೈಯ ಮೇಲ್ಭಾಗವನ್ನು ಹಿಡಿಯಬೇಕು, ನೀವು ಅರ್ಧ ಹೆಜ್ಜೆ ಮುಂದಿರಬೇಕು. ನಿಮ್ಮ ತೋಳು ಇಳಿದಾಗ ಮೆಟ್ಟಿಲಿದೆ ಎಂದು ಅವರಿಗೇ ತಿಳಿಯುತ್ತದೆ. ಕೋಣೆಗೆ ಬಂದಾಗ ‘ಅಪ್ಪ, ನಾನು’ ಎನ್ನಿ, ಹೊರಡುವಾಗಲೂ ಹೇಳಿ ಹೊರಡಿ. ಖಾಲಿ ಕುರ್ಚಿಯೊಡನೆ ಮಾತನಾಡಿದ ಅವಮಾನ ಚಿಕ್ಕದಲ್ಲ. ಅಣ್ಣನಿಗೆ ಕಣ್ಣುಕಟ್ಟಿ ಮನೆಯಲ್ಲಿ ನಡೆಸಿ ‘ಅಪ್ಪನ ಕಷ್ಟ’ ತೋರಿಸುವ ಪ್ರಯೋಗವನ್ನು ಕೆಲವರು ಸಲಹೆ ಮಾಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕಣ್ಣುಕಟ್ಟಿದವನಿಗೆ ತಿಳಿಯುವುದು ಕುರುಡಿನ ಮೊದಲ ಹತ್ತು ನಿಮಿಷದ ದಿಗಿಲು ಮಾತ್ರ. ಮೂವತ್ತೇಳು ವರ್ಷದ ಕೈಚಳಕ ಅದರಲ್ಲಿ ಕಾಣುವುದಿಲ್ಲ, ಭಯ ಇನ್ನಷ್ಟು ಹೆಚ್ಚುತ್ತದೆ.

ಆ ಕೈಚಳಕಕ್ಕೆ ಒಂದು ವಂಶಾವಳಿಯೇ ಇದೆ ಎಂಬುದನ್ನು ಅಣ್ಣನಿಗೆ ಹೇಳಿ. ಲಂಡನ್ನಿನಲ್ಲಿ 1915ರಲ್ಲಿ ಆರ್ಥರ್ ಪಿಯರ್ಸನ್ ಎಂಬ ದೃಷ್ಟಿ ಕಳೆದುಕೊಂಡ ಪತ್ರಿಕೋದ್ಯಮಿ, ಯುದ್ಧದಲ್ಲಿ ಕುರುಡಾದ ಸೈನಿಕರಿಗಾಗಿ ಸೇಂಟ್ ಡನ್ಸ್ಟನ್ಸ್ ಎಂಬ ಸಂಸ್ಥೆ ಕಟ್ಟಿದ. ಅದೇ ವರ್ಷ ಗಲಿಪೊಲಿಯ ಯುದ್ಧದಲ್ಲಿ ಕಣ್ಣು ಕಳೆದುಕೊಂಡು ಅಲ್ಲಿ ತರಬೇತಿ ಪಡೆದ ನ್ಯೂಜಿಲೆಂಡಿನ ಕ್ಲೂತಾ ಮೆಕೆಂಜಿ, ಎರಡನೆಯ ಮಹಾಯುದ್ಧದಲ್ಲಿ ಕುರುಡಾದ ಭಾರತೀಯ ಸೈನಿಕರಿಗಾಗಿ 1943ರಲ್ಲಿ ಡೆಹ್ರಾಡೂನಿನಲ್ಲಿ ಆರಂಭವಾದ ಕೇಂದ್ರವನ್ನು ಮುನ್ನಡೆಸಿದರು. ಅದರಿಂದ ಬೆಳೆದದ್ದೇ ದೃಷ್ಟಿಹೀನರಿಗಾಗಿ ಅಲ್ಲಿರುವ ಇಂದಿನ ರಾಷ್ಟ್ರೀಯ ಸಂಸ್ಥೆ. ಉದ್ದನೆಯ ಕೋಲನ್ನು ಎಡಬಲಕ್ಕೆ ಬೀಸುತ್ತ, ಎಡಗಾಲು ಮುಂದಿಟ್ಟಾಗ ತುದಿ ಬಲಕ್ಕೆ ತಾಗುವಂತೆ ನಡೆಯುವ ಕ್ರಮವನ್ನು ರಿಚರ್ಡ್ ಹೂವರ್ ರೂಪಿಸಿದ್ದೂ 1944ರ ಸುಮಾರಿಗೆ ಅಮೆರಿಕದ ಒಂದು ಸೇನಾ ಆಸ್ಪತ್ರೆಯಲ್ಲಿ, ಕುರುಡಾಗಿ ಮರಳಿದ ಸೈನಿಕರಿಗಾಗಿಯೇ. ಇಂದು ಮಂಗಳೂರಿನ ರಸ್ತೆ ದಾಟುವ ಯಾವ ಅಂಧ ವಿದ್ಯಾರ್ಥಿಯ ಕೈಯಲ್ಲಿರುವುದೂ ಆ ಸೈನಿಕರ ಆಸ್ತಿ.

ಹಣದ ವಿಷಯ ಚುಟುಕಾಗಿ. ಪಿಂಚಣಿ ಖಾತೆಯ ಎಟಿಎಂ ಕಾರ್ಡು ಅವರ ಬಳಿಯೇ ಇರಲಿ. ಕಣ್ಣಿಲ್ಲವೆಂಬ ಕಾರಣಕ್ಕೆ ಚೆಕ್ ಪುಸ್ತಕವನ್ನೋ ಎಟಿಎಂ ಸೌಲಭ್ಯವನ್ನೋ ನಿರಾಕರಿಸಬಾರದೆಂದು ರಿಸರ್ವ್ ಬ್ಯಾಂಕ್ 2008ರಲ್ಲೇ ಬ್ಯಾಂಕುಗಳಿಗೆ ಸೂಚಿಸಿದೆ. ಈಗಿನ ನೋಟುಗಳ ಉದ್ದ ಬೇರೆಬೇರೆ: ನೂರರದು 142 ಮಿಲಿಮೀಟರ್, ಇನ್ನೂರರದು 146, ಐನೂರರದು 150. ಬೆರಳುಗಳ ನಡುವೆ ಅಳೆಯುವುದನ್ನು ಅವರು ಬಲ್ಲರು, ಸಂಶಯ ಬಂದರೆ ರಿಸರ್ವ್ ಬ್ಯಾಂಕಿನ ‘ಮಣಿ’ ಆ್ಯಪ್ ಫೋನಿನಲ್ಲಿ ನೋಟಿನ ಮೌಲ್ಯವನ್ನು ಹೇಳುತ್ತದೆ. ಪೂರ್ಣ ಅಂಗವಿಕಲತೆಯುಳ್ಳ ಸೈನಿಕರಿಗೆ ಪಿಂಚಣಿಯ ಜೊತೆ ಸಿಗುವ ನಿರಂತರ ಪರಿಚಾರಕ ಭತ್ಯೆ ಅವರ ಆದೇಶಪತ್ರದಲ್ಲಿ ಸೇರಿದೆಯೇ ಎಂದು ಸೈನಿಕ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಿ. ವರ್ಷಕ್ಕೊಮ್ಮೆಯ ಜೀವಂತ ಪ್ರಮಾಣಪತ್ರಕ್ಕೆ ಕಣ್ಣು ಮಿಟುಕಿಸಲು ಹೇಳುವ ಫೋನಿನ ವಿಧಾನಕ್ಕೆ ಹೋಗದೆ ಬೆರಳಚ್ಚಿನ ವಿಧಾನವನ್ನೇ ಬಳಸಿ.

ಸಂಜೆಯ ಹೊತ್ತನ್ನು ತುಂಬುವುದಕ್ಕೆ ನಮ್ಮ ಕರಾವಳಿಯಲ್ಲಿ ಒಂದು ಒಳ್ಳೆಯ ಅನುಕೂಲವಿದೆ: ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ, ಚೆಂಡೆ ಮದ್ದಳೆ, ಅರ್ಥಧಾರಿಗಳ ಮಾತು. ಕಣ್ಣಿದ್ದವನಿಗೂ ಇಲ್ಲದವನಿಗೂ ಅಲ್ಲಿ ಒಂದೇ ಆಸನ. ಅಮ್ಮ ಹೋದ ಮೇಲೆ ಅವರು ಕೂಟಗಳಿಗೆ ಹೋಗುವುದನ್ನು ನಿಲ್ಲಿಸಿದ್ದರೆ ಅಣ್ಣನೇ ಬೈಕಿನಲ್ಲಿ ಕೂರಿಸಿಕೊಂಡು ಹೋಗಲಿ. ಮಾತು ಬಿಟ್ಟ ಇಬ್ಬರು ಬೇರೆಯವರ ವಾದವನ್ನು ಮೂರು ಗಂಟೆ ಕೇಳಿ ಮನೆಗೆ ಮರಳುವಾಗ, ಆ ಕರ್ಣ ಸೋತನೋ ಗೆದ್ದನೋ ಎಂಬಷ್ಟಾದರೂ ಮಾತು ಹೊರಡುತ್ತದೆ.

ಇನ್ನು ಬಾವಿ. ಅಪಾಯವೇ ಇಲ್ಲವೆಂದು ನಾನು ಹೇಳಲಾರೆ. ಕಣ್ಣಿದ್ದವರೂ ಬಾವಿಗೆ ಬಿದ್ದಿದ್ದಾರೆ. ಆದರೆ ಶ್ರವಣ ಪರೀಕ್ಷೆ ಮುಗಿದು, ತಲೆತಿರುಗುವಿಕೆ ಇಲ್ಲವೆಂದು ವೈದ್ಯರು ಹೇಳಿದರೆ ಹಗ್ಗವನ್ನು ಅವರ ಕೈಗೆ ಮರಳಿ ಕೊಡಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅದಕ್ಕೆ ಮುನ್ನ ಕೆಲವು ದುರಸ್ತಿಗಳಾಗಬೇಕು, ಅದೂ ಮಳೆ ಹಿಡಿಯುವ ಮೊದಲು. ನಮ್ಮ ಹಳೆಯ ಮನೆಗಳ ಮುರಕಲ್ಲಿನ ಬಾವಿಕಟ್ಟೆ ಹಲವು ಕಡೆ ಮೊಣಕಾಲೆತ್ತರ ಮಾತ್ರ ಇರುತ್ತದೆ. ಅದು ಅವರ ಸೊಂಟಕ್ಕಿಂತ ಮೇಲೆ ಬರಬೇಕು, ಮೇಲೆ ಕೊಡಪಾನ ಹಿಡಿಯುವಷ್ಟೇ ಬಾಯಿಯುಳ್ಳ ಕಬ್ಬಿಣದ ಜಾಲರಿ ಇರಬೇಕು. ನುಣುಪು ನೈಲಾನ್ ಹಗ್ಗ ಒದ್ದೆ ಕೈಯಲ್ಲಿ ಜಾರುತ್ತದೆ, ನಾರಿನ ಹಗ್ಗ ಜಾರುವುದಿಲ್ಲ. ಹಗ್ಗದ ಕೊನೆಯನ್ನು ಕಂಬಕ್ಕೆ ಕಟ್ಟಿ, ಕೊಡಪಾನ ಕಟ್ಟೆಯ ಮಟ್ಟಕ್ಕೆ ಬಂದಾಗ ಅವರ ಕೈಗೆ ಸಿಗುವಂತೆ ಒಂದು ಗಂಟು ಹಾಕಿದರೆ ಬಗ್ಗಿ ತಡಕುವ ಪ್ರಮೇಯವೇ ಬರುವುದಿಲ್ಲ.

ವರ್ಷಕ್ಕೆ ಹೆಚ್ಚುಕಮ್ಮಿ 4,000 ಮಿಲಿಮೀಟರ್ ಮಳೆ ಸುರಿಯುವ ಊರು ನಮ್ಮದು. ಹಂಚಿನ ಮೇಲೆ ಮಳೆ ಹೊಡೆಯುವಾಗ ಮನೆಯೊಳಗಿನ ಉಳಿದೆಲ್ಲ ಸದ್ದು ಮುಳುಗಿ, ಕಿವಿಯಿಂದ ನಡೆಯುವವರಿಗೆ ಮಂಜು ಕವಿದಂತಾಗುತ್ತದೆ; ಆಗ ಅವರು ಗೋಡೆ ಹಿಡಿದು ನಡೆದರೆ ಅದನ್ನು ಸೋಲೆಂದು ಎಣಿಸಬೇಡಿ. ಮಳೆ ತಗ್ಗಿದ ಮೇಲೆ ಮಾತ್ರ ಅದೇ ನೀರು ಉಪಕಾರ ಮಾಡುತ್ತದೆ: ಸೂರಿನಿಂದ ಸಾಲಾಗಿ ಬೀಳುವ ಹನಿ ಜಗಲಿಯ ಅಂಚು ಎಲ್ಲಿ ಮುಗಿಯಿತೆಂದು ಗೆರೆ ಎಳೆದಂತೆ ಹೇಳುತ್ತದೆ, ತಗಡಿನ ಬಚ್ಚಲ ಮಾಡಿನ ಸದ್ದು ಒಂದು ಕಡೆ, ಬಾಳೆಎಲೆಯ ಸದ್ದು ಇನ್ನೊಂದು ಕಡೆ. ನಿಜವಾದ ಶತ್ರು ಅಂಗಳದ ಪಾಚಿ. ಜಗಲಿಯಿಂದ ಬಾವಿಯವರೆಗೆ ಸೊಂಟದೆತ್ತರಕ್ಕೆ ಒಂದು ಹಗ್ಗ ಬಿಗಿದು, ಅದರ ಕೆಳಗಿನ ದಾರಿಗೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ, ಅಡಕೆ ಮರದ ಸೀಳುಗಳನ್ನು ಅಡ್ಡಡ್ಡಲಾಗಿ ಹಾಸಬೇಕು. ಕಾಲಿಗೆ ಹಿಡಿತವೂ ಆಯಿತು, ದಾರಿ ತಪ್ಪಿದರೆ ತಿಳಿಯುವ ಗುರುತೂ ಆಯಿತು. ಈ ಕೆಲಸವನ್ನು ಅಣ್ಣನೇ ಮಾಡಲಿ, ಆದರೆ ಸೀಳುಗಳ ನಡುವಿನ ಅಂತರ ಎಷ್ಟಿರಬೇಕೆಂದು ಅಪ್ಪನ ಹೆಜ್ಜೆಯನ್ನು ಅಳೆದು, ಅವರನ್ನು ಕೇಳಿ ಇಡಲಿ.